ಬೆಂಕಿ ಆರಿದ ಮೇಲೂ ಉಳಿದ ಸುಂಕ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಊರ ಬಾಗಿಲಲ್ಲೋ ಸಂತೆಯ ದಾರಿಯಲ್ಲೋ ಕಟ್ಟೆಯ ಮೇಲೆ ಕೂತು, ಹೇರಿಗಿಷ್ಟು ಎಂದು ವಸೂಲು ಮಾಡುತ್ತಿದ್ದವನನ್ನು ಕಂಡ ಜನ ಕಟ್ಟಿದ ಮಾತು ಅದು. ಆ ಕಟ್ಟೆಗಳು ಈಗ ಇಲ್ಲ. ಬೆಂಗಳೂರಿನ ಸುಂಕದಕಟ್ಟೆಯಂಥ ಬಡಾವಣೆಗಳ ಹೆಸರಿನಲ್ಲಿ ಮಾತ್ರ ಉಳಿದಿವೆ. ಆದರೆ ಕೆಲವು ಸುಂಕಗಳ ಕಥೆ ಇದಕ್ಕೆ ತದ್ವಿರುದ್ಧ. ಅವು ಹುಟ್ಟಿದ ಕಾರಣ ಮರೆತುಹೋಗಿರುತ್ತದೆ, ಹೆಸರು ಬದಲಾಗಿರುತ್ತದೆ. ವಸೂಲಿ ಮಾತ್ರ ತಪ್ಪುವುದಿಲ್ಲ.

ಇಂದಿನ ಮಾತು ಅಂಥ ಸುಂಕಗಳ ಮೇಲೆ. ಬೆಂಕಿ ವಿಮೆಯ ಮೇಲೆ ಸರ್ಕಾರಗಳು ಹೊರಿಸಿದ ಶುಲ್ಕಗಳು ಇಂಗ್ಲೆಂಡಿನಲ್ಲಿ ಹುಟ್ಟಿದವು. ಅವುಗಳಲ್ಲೊಂದು ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ಹಳತಾಯಿತು ಎಂದು ಎಲ್ಲರೂ ಒಪ್ಪಿದ ಶುಲ್ಕವನ್ನು ತೆಗೆಯುವುದು ಅಷ್ಟು ಕಷ್ಟವೇಕೆ? ಅದನ್ನು ನಿಜಕ್ಕೂ ತೆತ್ತವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಆ ಕಥೆಯಲ್ಲೇ ಇದೆ.

ಮೊದಲು ಒಂದು ಸರಳ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ವಿಮೆ ಎಂದರೆ ಹಲವರು ಕೂಡಿ ತುಂಬಿದ ಹುಂಡಿ. ಸಾವಿರ ಮನೆಯವರು ವರ್ಷಕ್ಕೆ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಯಾರದೋ ಒಂದು ಮನೆ ಸುಟ್ಟರೆ ಹುಂಡಿಯಿಂದ ಹಣ ಕೊಡುತ್ತಾರೆ. ಹುಂಡಿಯನ್ನು ಕಾಯುವ ಕೆಲಸ ಕಂಪನಿಯದು. ಆದ್ದರಿಂದ ‘ಕಂಪನಿಯ ಮೇಲೆ’ ಎಂದು ಹಾಕಿದ ಶುಲ್ಕ ಸಾಮಾನ್ಯವಾಗಿ ಕಂಪನಿಯಲ್ಲಿ ನಿಲ್ಲುವುದಿಲ್ಲ. ಅದು ಪ್ರೀಮಿಯಂಗೆ ಸೇರಿ ಹುಂಡಿಗೆ ಹಣ ಹಾಕುವವರ ಹೆಗಲಿಗೇ ಬರುತ್ತದೆ. ಕಾನೂನಿನ ಪುಸ್ತಕದಲ್ಲಿ ಒಬ್ಬರ ಹೆಸರು, ತೆರುವ ಕೈ ಇನ್ನೊಬ್ಬರದು.

ಗೋಡೆಯ ಮೇಲಿನ ಸೀಸದ ಫಲಕ

1666ರ ಸೆಪ್ಟೆಂಬರ್ 2ರಂದು ಲಂಡನ್ನಿನ ಪುಡಿಂಗ್ ಲೇನ್ ಎಂಬ ಓಣಿಯ ಒಂದು ರೊಟ್ಟಿ ಅಂಗಡಿಯಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕು ದಿನ ಉರಿಯಿತು. ಸುಮಾರು 13,200 ಮನೆಗಳು, 87 ಚರ್ಚುಗಳು ಬೂದಿಯಾದವು. ಮರದ ಮನೆಗಳು, ಇಕ್ಕಟ್ಟಿನ ಬೀದಿಗಳು, ಬೇಸಿಗೆಯ ಒಣ ಗಾಳಿ ಎಲ್ಲವೂ ಒಂದಾಗಿದ್ದವು. ಮನೆ ಕಳೆದುಕೊಂಡವರಿಗೆ ಪರಿಹಾರ ಕೊಡುವ ಏರ್ಪಾಡು ಯಾವುದೂ ಇರಲಿಲ್ಲ.

ಈ ಅನಾಹುತದ ನೆನಪಿನಲ್ಲೇ ಬೆಂಕಿ ವಿಮೆ ಒಂದು ವ್ಯಾಪಾರವಾಗಿ ರೂಪುಗೊಂಡಿತು. 1680ರ ಸುಮಾರಿಗೆ ನಿಕೊಲಸ್ ಬಾರ್ಬನ್ ಎಂಬ ವೈದ್ಯ, ಕಟ್ಟಡಗಳ ವ್ಯಾಪಾರವನ್ನೂ ಮಾಡುತ್ತಿದ್ದವನು, ಮನೆಗಳ ವಿಮೆಗೆ ಕಚೇರಿ ತೆರೆದ. ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ಶೇಕಡಾ ಎರಡೂವರೆ, ಮರದ ಮನೆಗೆ ಶೇಕಡಾ ಐದು ಎಂಬುದು ಅವನ ದರ. ಅಪಾಯ ಎರಡರಷ್ಟಾದರೆ ದರವೂ ಎರಡರಷ್ಟು. ವಿಮೆಯ ನ್ಯಾಯವೆಲ್ಲ ಈ ಲೆಕ್ಕದಲ್ಲಿದೆ. ಮುಂದೆ ಸರ್ಕಾರದ ಸುಂಕ ಕೆಡಿಸಿದ್ದೂ ಇದೇ ಲೆಕ್ಕವನ್ನು.

ಬಾರ್ಬನ್ನನ ನಂತರ ಇನ್ನೂ ಹಲವು ಕಚೇರಿಗಳು ಬಂದವು. 1710ರಲ್ಲಿ ‘ಸನ್ ಫೈರ್ ಆಫೀಸ್’ ಆರಂಭವಾಯಿತು. ಒಂದೊಂದು ಕಂಪನಿಯೂ ತಾನು ವಿಮೆ ಮಾಡಿದ ಮನೆಯ ಗೋಡೆಗೆ ತನ್ನ ಗುರುತಿನ ಸೀಸದ ಫಲಕ ಹೊಡೆಯುತ್ತಿತ್ತು; ಬೆಂಕಿ ನಂದಿಸಲು ತನ್ನದೇ ಆಳುಗಳನ್ನೂ ಪಂಪುಗಳನ್ನೂ ಇಟ್ಟುಕೊಂಡಿತ್ತು. ಮನೆ ಉಳಿದರೆ ಹಣ ಕೊಡುವುದು ತಪ್ಪುತ್ತದಲ್ಲ! ಬೇರೆ ಕಂಪನಿಯ ಫಲಕವಿದ್ದ ಮನೆ ಉರಿಯುತ್ತಿದ್ದರೆ ಆಳುಗಳು ಕೈಕಟ್ಟಿ ನೋಡುತ್ತಿದ್ದರು ಎಂಬ ಕಥೆ ಜನಜನಿತವಾಗಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಬೆಂಕಿ ಫಲಕ ನೋಡಿ ಹಬ್ಬುವುದಿಲ್ಲ. ಪಕ್ಕದ ಮನೆಯನ್ನು ಉರಿಯಲು ಬಿಟ್ಟರೆ ತಮ್ಮ ಮನೆಯೂ ಉಳಿಯುವುದಿಲ್ಲ ಎಂಬುದು ಕಂಪನಿಗಳಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ.

ಯುದ್ಧ ಮುಗಿಯಿತು, ಸುಂಕ ಮುಗಿಯಲಿಲ್ಲ

1782ರಲ್ಲಿ ಬ್ರಿಟಿಷ್ ಸರ್ಕಾರ ಬೆಂಕಿ ವಿಮೆಯ ಮೇಲೆ ಹೊಸದೊಂದು ಸುಂಕ ಹಾಕಿತು. ವಿಮೆ ಮಾಡಿದ ಪ್ರತಿ 100 ಪೌಂಡ್ ಮೊತ್ತಕ್ಕೆ ವರ್ಷಕ್ಕೆ ಒಂದೂವರೆ ಷಿಲಿಂಗ್. ಅಮೆರಿಕದ ವಸಾಹತುಗಳೊಡನೆ ನಡೆಯುತ್ತಿದ್ದ ಯುದ್ಧದಿಂದ ಬೊಕ್ಕಸ ಬರಿದಾಗಿದ್ದದ್ದೇ ಕಾರಣ. ಮರುವರ್ಷ, 1783ರಲ್ಲಿ, ಆ ಯುದ್ಧ ಒಪ್ಪಂದದಲ್ಲಿ ಮುಗಿಯಿತು. ಸುಂಕ ಮುಗಿಯಲಿಲ್ಲ. ಫ್ರಾನ್ಸಿನ ಜೊತೆ ಹೊಸ ಯುದ್ಧ ಬಂದಾಗ, 1797ರಲ್ಲಿ, ಅದು ಎರಡು ಷಿಲಿಂಗ್ ಆಯಿತು. 1804ರಲ್ಲಿ ಎರಡೂವರೆ, 1815ರಲ್ಲಿ ಮೂರು. ಅದೇ 1815ರಲ್ಲಿ ವಾಟರ್ಲೂ ಕದನದೊಂದಿಗೆ ನೆಪೋಲಿಯನ್ನನ ಕಥೆಯೂ ಮುಗಿಯಿತು. ಮೂರು ಷಿಲಿಂಗಿನ ಸುಂಕ ಮಾತ್ರ ಸುಮಾರು ಐವತ್ತು ವರ್ಷ ಕದಲಲಿಲ್ಲ.

ಮೂರು ಷಿಲಿಂಗ್ ದೊಡ್ಡ ಮೊತ್ತವೇ ಎಂದು ಕೇಳಬಹುದು. ಅಪಾಯ ಕಡಿಮೆ ಇರುವ ಸಾಧಾರಣ ಇಟ್ಟಿಗೆ ಮನೆಗೆ ಆಗ ಕಂಪನಿ ತೆಗೆದುಕೊಳ್ಳುತ್ತಿದ್ದ ಪ್ರೀಮಿಯಂ 100 ಪೌಂಡಿಗೆ ಒಂದೂವರೆ ಷಿಲಿಂಗ್ ಮಾತ್ರ. ಅಂದರೆ 500 ಪೌಂಡಿನ ಮನೆಗೆ ಪ್ರೀಮಿಯಂ ಏಳೂವರೆ ಷಿಲಿಂಗ್, ಸುಂಕ ಹದಿನೈದು ಷಿಲಿಂಗ್. ಸರಕಿನ ಬೆಲೆಗಿಂತ ಸುಂಕ ಎರಡರಷ್ಟು! ಕೋಳಿಗಿಂತ ಮಸಾಲೆಯೇ ದುಬಾರಿಯಾದಂತೆ.

ಇನ್ನೊಂದು ಅನ್ಯಾಯವೂ ಇದರೊಳಗೆ ಅಡಗಿತ್ತು. ಸುಂಕವನ್ನು ಲೆಕ್ಕ ಹಾಕುತ್ತಿದ್ದದ್ದು ವಿಮೆಯ ಮೊತ್ತದ ಮೇಲೆ, ಅಪಾಯದ ಮೇಲಲ್ಲ. ಬೇಗ ಹೊತ್ತಿಕೊಳ್ಳುವ ಸರಕಿನ ಗೋದಾಮಿಗೆ ಪ್ರೀಮಿಯಂ ಜಾಸ್ತಿ, ಸುಂಕ ಮಾತ್ರ ಅಷ್ಟೇ ಮೂರು ಷಿಲಿಂಗ್. ಹೀಗಾಗಿ ಗಟ್ಟಿ ಮನೆ ಕಟ್ಟಿ ಎಚ್ಚರದಿಂದ ಬಾಳುವವನಿಗೆ ಸುಂಕ ಪ್ರೀಮಿಯಂನ ಎರಡರಷ್ಟು ಭಾರವಾದರೆ, ಅಪಾಯದ ಸರಕು ಇಟ್ಟವನಿಗೆ ಅದು ಚಿಲ್ಲರೆಯಂತೆ ಹಗುರ. ಬಾರ್ಬನ್ ಹಾಕಿಕೊಟ್ಟ ಲೆಕ್ಕ ತಲೆಕೆಳಗಾಗಿತ್ತು.

ಇದರಿಂದ ಏನಾಯಿತು? ವಿಮೆ ಮಾಡಿಸದವರಿಗೆ ಮಾಡಿಸದಿರಲು ಇನ್ನೊಂದು ಕಾರಣ ಸಿಕ್ಕಿತು. ಈ ಸುಂಕ ಹುಟ್ಟುವ ಮೊದಲೇ, 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, ದೇಶದ ಇಪ್ಪತ್ತು ಮನೆಗಳಲ್ಲಿ ಹತ್ತೊಂಬತ್ತಕ್ಕೆ, ಬಹುಶಃ ನೂರರಲ್ಲಿ ತೊಂಬತ್ತೊಂಬತ್ತಕ್ಕೆ, ಬೆಂಕಿ ವಿಮೆ ಇಲ್ಲವೆಂದು ಅಂದಾಜು ಮಾಡಿದ್ದ. ಜನರಿಗೆ ವಿಮೆಯ ರೂಢಿ ಹಿಡಿಸಬೇಕಾದ ಕಾಲದಲ್ಲೇ ಸರ್ಕಾರ ಅದನ್ನು ದುಬಾರಿ ಮಾಡಿತು. 1833ರಲ್ಲಿ ರೈತರ ಬೆಳೆ ಮತ್ತು ದಾಸ್ತಾನಿಗೆ ಸುಂಕದ ವಿನಾಯಿತಿ ದೊರೆಯಿತು. ಆದರೆ ಪೇಟೆಯ ಅಂಗಡಿಯವನಿಗೂ ಮನೆಯವನಿಗೂ ಬಿಡುಗಡೆ ಇರಲಿಲ್ಲ.

ಸುಂಕ ತಪ್ಪು ಎಂದು ಹೇಳುವವರಿಗೆ ಕೊರತೆ ಇರಲಿಲ್ಲ. ಸಂಸತ್ತಿನಲ್ಲಿ ಡಡ್ಲಿ ಕ್ಷೇತ್ರದ ಸದಸ್ಯ ಹೆನ್ರಿ ಬ್ರಿನ್ಸ್‌ಲಿ ಷೆರಿಡನ್ ಮತ್ತೆ ಮತ್ತೆ ನಿರ್ಣಯ ತಂದರು. ಹಣಕಾಸು ಮಂತ್ರಿಗಳ ಉತ್ತರ ಪ್ರತಿ ಬಾರಿಯೂ ಒಂದೇ: ಸುಂಕ ಒಳ್ಳೆಯದಲ್ಲ ನಿಜ, ಆದರೆ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಮಿಕ್ಕಿ ಬರುವ ಈ ಹಣಕ್ಕೆ ಬದಲು ಎಲ್ಲಿಂದ ತರುವುದು? ಕೊನೆಗೆ ಗ್ಲಾಡ್‌ಸ್ಟನ್ 1864ರಲ್ಲಿ ವ್ಯಾಪಾರದ ದಾಸ್ತಾನಿಗೆ, ಮರುವರ್ಷ ಎಲ್ಲ ಆಸ್ತಿಗೆ ಸುಂಕವನ್ನು ಅರ್ಧಕ್ಕೆ ಇಳಿಸಿದರು. 1869ರಲ್ಲಿ ಹಣಕಾಸು ಮಂತ್ರಿ ರಾಬರ್ಟ್ ಲೋ ಅದನ್ನು ಪೂರ್ತಿ ರದ್ದು ಮಾಡಿದರು. ಒಂದು ಯುದ್ಧದ ಖರ್ಚಿಗೆಂದು ಹುಟ್ಟಿದ್ದು 87 ವರ್ಷ ಬದುಕಿತ್ತು.

ನಂದಿಸುವ ಖರ್ಚು ಯಾರದು?

ಒಂದು ಸುಂಕ ಸಾಯುತ್ತಿದ್ದ ಹೊತ್ತಿಗೇ ಲಂಡನ್ನಿನಲ್ಲಿ ಇನ್ನೊಂದು ಹುಟ್ಟಿತ್ತು. ಅದರ ಹಿನ್ನೆಲೆ ಬೇರೆ.

1833ರ ಜನವರಿ 1ರಂದು ಲಂಡನ್ನಿನ ಹತ್ತು ವಿಮಾ ಕಂಪನಿಗಳು ತಮ್ಮ ತಮ್ಮ ಆಳುಗಳನ್ನು ಕೂಡಿಸಿ ಒಂದೇ ಅಗ್ನಿಶಾಮಕ ಪಡೆ ಕಟ್ಟಿದವು. ಎಡಿನ್‌ಬರೊದಲ್ಲಿ ಹೆಸರು ಮಾಡಿದ್ದ ಜೇಮ್ಸ್ ಬ್ರೇಡ್‌ವುಡ್ ಅದರ ಮುಖ್ಯಸ್ಥ. ಮರುವರ್ಷವೇ ಆ ಪಡೆಗೆ ದೊಡ್ಡ ಪರೀಕ್ಷೆ ಎದುರಾಯಿತು. ಇಂಗ್ಲೆಂಡಿನ ಖಜಾನೆಯಲ್ಲಿ ಶತಮಾನಗಳಿಂದ ಕಚ್ಚು ಹಾಕಿದ ಮರದ ಕೋಲುಗಳಲ್ಲಿ ಲೆಕ್ಕ ಇಡುವ ಪದ್ಧತಿಯಿತ್ತು. ಹಾಲಿನವರು ಗೋಡೆಯ ಮೇಲೆ ಗೀಟು ಎಳೆದು ಲೆಕ್ಕ ಇಡುತ್ತಿದ್ದರಲ್ಲ, ಹಾಗೆ. 1826ರಲ್ಲಿ ಆ ಪದ್ಧತಿ ನಿಂತಿತು. ಕೋಲುಗಳ ರಾಶಿ ಉಳಿಯಿತು. 1834ರ ಅಕ್ಟೋಬರ್ 16ರಂದು ಅವನ್ನು ಸಂಸತ್ ಭವನದ ಒಲೆಗಳಲ್ಲಿ ತುಂಬಿ ಸುಡಲು ಹೋಗಿ ಭವನವೇ ಸುಟ್ಟುಹೋಯಿತು. ಸರ್ಕಾರದ ಆ ಕಟ್ಟಡದ ಬೆಂಕಿಯೊಂದಿಗೆ ರಾತ್ರಿಯೆಲ್ಲ ಸೆಣಸಿದವರಲ್ಲಿ ವಿಮಾ ಕಂಪನಿಗಳ ಸಂಬಳದ ಆಳುಗಳು ಮುಖ್ಯರು. ಊರಿನ ಕೆಲಸ, ಖಾಸಗಿಯವರ ಖರ್ಚು.

1861ರ ಜೂನ್ 22ರಂದು ಥೇಮ್ಸ್ ದಂಡೆಯ ಟೂಲಿ ಸ್ಟ್ರೀಟ್ ಗೋದಾಮುಗಳಿಗೆ ಬೆಂಕಿ ಬಿತ್ತು. ಹತ್ತಿ, ಸೆಣಬು, ಸಕ್ಕರೆ, ಪ್ರಾಣಿಗಳ ಕೊಬ್ಬು ಎಲ್ಲ ಸೇರಿ ಎರಡು ವಾರ ಉರಿಯಿತು. ಗೋಡೆ ಕುಸಿದು ಬ್ರೇಡ್‌ವುಡ್ ಸತ್ತರು. ಸುಮಾರು 20 ಲಕ್ಷ ಪೌಂಡ್ ನಷ್ಟ. ಕಂಪನಿಗಳು ಕೈಚೆಲ್ಲಿದವು: ಇಡೀ ರಾಜಧಾನಿಯನ್ನು ಕಾಯುವುದು ತಮ್ಮಿಂದಾಗದು, ಸರ್ಕಾರವೇ ವಹಿಸಿಕೊಳ್ಳಲಿ ಎಂದವು. 1865ರಲ್ಲಿ ಕಾಯಿದೆ ಬಂತು. 1866ರ ಜನವರಿ 1ರಿಂದ ಪಡೆ ಸಾರ್ವಜನಿಕ ಸಂಸ್ಥೆಯ ಕೈಗೆ ಹೋಯಿತು. ಖರ್ಚಿಗೆ ಮೂರು ಮೂಲಗಳು: ಆಸ್ತಿಗಳ ಮೇಲಿನ ಸ್ಥಳೀಯ ತೆರಿಗೆ, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್, ಮತ್ತು ವಿಮಾ ಕಂಪನಿಗಳಿಂದ ತಾವು ವಿಮೆ ಮಾಡಿದ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡ್.

ಈ ಏರ್ಪಾಡನ್ನು ಅಂದಿನ ಕಣ್ಣಿನಿಂದ ನೋಡಬೇಕು. ಅಲ್ಲಿಯವರೆಗೆ ಪೂರ್ತಿ ಖರ್ಚು ಹೊರುತ್ತಿದ್ದ ಕಂಪನಿಗಳು ಈಗ ಒಂದು ಪಾಲು ಮಾತ್ರ ಕೊಡುತ್ತಿದ್ದವು. ಅವಕ್ಕೆ ಅದು ಲಾಭ. ನಗರಕ್ಕೆ ಸಿದ್ಧ ಪಡೆ ಸಿಕ್ಕಿತು, ಅದೂ ಲಾಭ. ಬೆಂಕಿ ಬೇಗ ಆರಿದರೆ ಕಂಪನಿಗಳ ಹಣ ಉಳಿಯುತ್ತದೆ, ಆದ್ದರಿಂದ ಅವು ಕೊಡಲಿ ಎಂಬ ವಾದದಲ್ಲೂ ಹುರುಳಿತ್ತು. ಹಳತಾದ ಶುಲ್ಕಗಳೆಲ್ಲ ಮೂರ್ಖರ ಕೆಲಸವಲ್ಲ ಎಂಬುದನ್ನು ಮರೆಯಬಾರದು. ಹುಟ್ಟುವಾಗ ಹಲವಕ್ಕೆ ಒಳ್ಳೆಯ ಕಾರಣವೇ ಇರುತ್ತದೆ. ಆ ಕಾರಣ ಹೋದ ದಿನ ಬಂದು ಹೇಳುವವರು ಮಾತ್ರ ಯಾರೂ ಇರುವುದಿಲ್ಲ.

ಹಡಗು ಹತ್ತಿದ ಶುಲ್ಕ

ಲಂಡನ್ನಿನ ಮಾದರಿ ವಸಾಹತುಗಳಿಗೂ ಹೋಯಿತು. 1882ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೆಸ್ ಎಂಬ ಬೃಹತ್ ಪ್ರದರ್ಶನ ಭವನ ಸುಟ್ಟು ನೆಲಸಮವಾಯಿತು. ಎರಡು ವರ್ಷದ ಬಳಿಕ ನ್ಯೂ ಸೌತ್ ವೇಲ್ಸ್ ಅಗ್ನಿಶಾಮಕ ಕಾಯಿದೆ ಮಾಡಿತು. 1890ರಲ್ಲಿ ಮೆಲ್ಬರ್ನ್ ರಾಜಧಾನಿಯಾಗಿರುವ ವಿಕ್ಟೋರಿಯವೂ ಮಾಡಿತು. ಎರಡು ಕಡೆಯೂ ಒಂದೇ ಸೂತ್ರ: ಖರ್ಚಿನಲ್ಲಿ ಮೂರನೇ ಒಂದು ಭಾಗ ಸರ್ಕಾರದ್ದು, ಒಂದು ಭಾಗ ಪುರಸಭೆಗಳದು, ಇನ್ನೊಂದು ಭಾಗ ವಿಮಾ ಕಂಪನಿಗಳದು.

ವರ್ಷಗಳು ಉರುಳಿದವು. ಸೂತ್ರ ಸದ್ದಿಲ್ಲದೆ ಓರೆಯಾಯಿತು. ಸರ್ಕಾರ ತನ್ನ ಪಾಲು ಹೆಚ್ಚಿಸಿದರೆ ಬಜೆಟ್ಟಿನಲ್ಲಿ ಕಾಣುತ್ತದೆ. ಪುರಸಭೆ ಹೆಚ್ಚಿಸಿದರೆ ಮನೆಗಂದಾಯದ ಚೀಟಿಯಲ್ಲಿ ಕಾಣುತ್ತದೆ. ವಿಮಾ ಕಂಪನಿಯ ಪಾಲು ಹೆಚ್ಚಿಸಿದರೆ ಅದು ಪಾಲಿಸಿಯ ಹಾಳೆಯಲ್ಲಿ ಒಂದು ಸಾಲಾಗುತ್ತದೆ; ಬೈಗುಳ ಕಂಪನಿಗೆ ಹೋಗುತ್ತದೆ. ಹೀಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಕಂಪನಿಗಳ ಪಾಲು ಶೇಕಡಾ 73.7ಕ್ಕೆ ಏರಿತು, ಪುರಸಭೆಗಳದು 11.7, ಸರ್ಕಾರದ್ದು 14.6. ವಿಕ್ಟೋರಿಯದಲ್ಲಿ ಮೆಲ್ಬರ್ನ್ ನಗರದ ಪಡೆಗೆ ಶೇಕಡಾ 75, ಹಳ್ಳಿಗಾಡಿನ ಪಡೆಗೆ ಶೇಕಡಾ 77.5 ವಿಮೆಯಿಂದಲೇ ಬರುವಂತಾಯಿತು. ಮೂರನೇ ಒಂದು ಭಾಗ ಮುಕ್ಕಾಲು ಭಾಗವಾಗಿತ್ತು.

ಅಷ್ಟರಲ್ಲಿ ಅಗ್ನಿಶಾಮಕ ಪಡೆಯ ಕೆಲಸವೂ ಬದಲಾಗಿತ್ತು. ರಸ್ತೆ ಅಪಘಾತದಲ್ಲಿ ನಜ್ಜುಗುಜ್ಜಾದ ಕಾರು ಕತ್ತರಿಸಿ ಜನರನ್ನು ಹೊರತೆಗೆಯುವುದು, ಕಾರ್ಖಾನೆಯ ರಾಸಾಯನಿಕ ಸೋರಿಕೆ ತಡೆಯುವುದು, ಕಾಡ್ಗಿಚ್ಚಿಗೆ ಎದುರು ನಿಲ್ಲುವುದು ಎಲ್ಲವೂ ಅದರ ಪಾಲಿಗೆ ಬಂದವು. ಇವು ಇಡೀ ಸಮಾಜಕ್ಕೆ ಮಾಡುವ ಸೇವೆ. ಪಡೆಯವರು ಬಾಗಿಲು ಬಡಿಯುವ ಮೊದಲು ಪಾಲಿಸಿ ಇದೆಯೇ ಎಂದು ಕೇಳುವುದಿಲ್ಲ, ಕೇಳಲೂಬಾರದು. ಆದರೆ ಹಣದ ಬಹುಪಾಲು ಪಾಲಿಸಿ ಇದ್ದವರದು.

ಒಂದು ಬೀದಿಯ ಎರಡು ಮನೆ

ಲೆಕ್ಕ ಅರ್ಥವಾಗಲು ಒಂದು ಬೀದಿಯನ್ನು ಕಲ್ಪಿಸಿಕೊಳ್ಳಿ. ಅಕ್ಕಪಕ್ಕದಲ್ಲಿ ಎರಡು ಮನೆ. ಒಂದರ ಒಡೆಯ ವಿಮೆ ಮಾಡಿಸಿದ್ದಾನೆ, ಇನ್ನೊಬ್ಬ ಮಾಡಿಸಿಲ್ಲ. ಬೆಂಕಿ ಬಿದ್ದರೆ ಇಬ್ಬರ ಮನೆಗೂ ಅದೇ ಕೆಂಪು ಗಾಡಿ, ಅದೇ ನೀರು. ಶುಲ್ಕ ಕೊಟ್ಟವನು ಮಾತ್ರ ಒಬ್ಬನೇ. ಮುಂದಾಲೋಚನೆ ಇದ್ದವನು ತನ್ನ ಪಾಲಿನ ಜೊತೆಗೆ ಪಕ್ಕದವನ ಪಾಲನ್ನೂ ಹೊರುತ್ತಾನೆ.

ಇನ್ನು ಸುಂಕದ ಮೇಲೆ ಸುಂಕದ ಕಥೆ. ವಿಕ್ಟೋರಿಯದಲ್ಲಿ ಶುಲ್ಕ ಸೇರಿದ ಪ್ರೀಮಿಯಂನ ಮೇಲೆ ಶೇಕಡಾ 10 ಸರಕು ಮತ್ತು ಸೇವಾ ತೆರಿಗೆ, ಅವೆರಡೂ ಸೇರಿದ ಮೊತ್ತದ ಮೇಲೆ ಮತ್ತೆ ಶೇಕಡಾ 10 ಮುದ್ರಾಂಕ ಶುಲ್ಕ ಬೀಳುತ್ತಿತ್ತು. ಉದಾಹರಣೆಗೆ ಪ್ರೀಮಿಯಂ 100 ಡಾಲರ್, ಅಗ್ನಿಶಾಮಕ ಶುಲ್ಕ 25 ಡಾಲರ್ ಎನ್ನೋಣ. ಒಟ್ಟು 125. ತೆರಿಗೆ ಸೇರಿ 137.50. ಮುದ್ರಾಂಕ ಸೇರಿ 151.25. ಶುಲ್ಕವೇ ಇಲ್ಲದಿದ್ದರೆ ಇದೇ ಪಾಲಿಸಿಗೆ 121 ಡಾಲರ್ ಸಾಕಿತ್ತು. 25 ಡಾಲರ್ ಶುಲ್ಕ ಮನೆಯವನ ಕಿಸೆಯಿಂದ 30.25 ಡಾಲರ್ ತೆಗೆಯುತ್ತಿತ್ತು.

ಪರಿಣಾಮ ಒಂದು ವಿಷವರ್ತುಲ. ಪಾಲಿಸಿ ದುಬಾರಿಯಾದಂತೆ ಕೆಲವರು ವಿಮೆ ಬಿಡುತ್ತಾರೆ. ಕೆಲವರು ನಾಲ್ಕು ಲಕ್ಷದ ಮನೆಗೆ ಎರಡು ಲಕ್ಷದ ವಿಮೆ ಮಾಡಿಸಿ ಸುಮ್ಮನಾಗುತ್ತಾರೆ. ಪಡೆಯ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಅದು ಉಳಿದವರ ಮೇಲೆ ಹಂಚಿಕೆಯಾಗುತ್ತದೆ. ಅವರ ಪಾಲಿಸಿ ಇನ್ನಷ್ಟು ದುಬಾರಿಯಾಗುತ್ತದೆ. ಇನ್ನಷ್ಟು ಜನ ಬಿಡುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಎಂದು ಬುದ್ಧಿ ಹೇಳಬೇಕಾದ ಸರ್ಕಾರವೇ ಮೊದಲೇ ಬಾವಿ ತೋಡಿಸಿದವನಿಗೆ ದಂಡ ಹಾಕಿದಂತಾಯಿತು.

ದಕ್ಷಿಣ ಆಸ್ಟ್ರೇಲಿಯ 1999ರಲ್ಲಿ, ಪಶ್ಚಿಮ ಆಸ್ಟ್ರೇಲಿಯ 2003ರಲ್ಲಿ ಈ ಪದ್ಧತಿ ಕೈಬಿಟ್ಟು, ಎಲ್ಲ ಆಸ್ತಿದಾರರಿಂದಲೂ ನೇರವಾಗಿ ವಸೂಲು ಮಾಡುವ ವ್ಯವಸ್ಥೆಗೆ ಹೋದವು. ವಿಕ್ಟೋರಿಯ ಮೀನಮೇಷ ಎಣಿಸುತ್ತಲೇ ಇತ್ತು. 2009ರ ಫೆಬ್ರುವರಿ 7ರ ಶನಿವಾರ ಅಲ್ಲಿನ ಕಾಡು ಹೊತ್ತಿ ಉರಿಯಿತು. ಒಣಹವೆ, ಬಿರುಗಾಳಿ, 40 ಡಿಗ್ರಿ ಮೀರಿದ ಬಿಸಿಲು. 173 ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಆ ದಿನಕ್ಕೆ ‘ಕಪ್ಪು ಶನಿವಾರ’ ಎಂಬ ಹೆಸರೇ ಬಿತ್ತು. ಮನೆ ಕಳೆದುಕೊಂಡವರಲ್ಲಿ ವಿಮೆ ಇಲ್ಲದವರು ಇದ್ದರು, ಇದ್ದ ವಿಮೆ ಸಾಲದವರೂ ಇದ್ದರು. ವಿಮೆಯನ್ನು ದುಬಾರಿ ಮಾಡಿದ ಶುಲ್ಕದ ಪ್ರಶ್ನೆ ಅಂದಿನಿಂದ ಕಚೇರಿಯ ಕಡತದ ವಿಷಯವಾಗಿ ಉಳಿಯಲಿಲ್ಲ.

ನ್ಯಾಯಮೂರ್ತಿ ಬರ್ನಾರ್ಡ್ ಟೀಗ್ ನೇತೃತ್ವದ ವಿಚಾರಣಾ ಆಯೋಗ 2010ರ ಜುಲೈನಲ್ಲಿ ವರದಿ ಕೊಟ್ಟಿತು. ಅದರ ಶಿಫಾರಸುಗಳಲ್ಲಿ 64ನೆಯದು ಈ ಶುಲ್ಕವನ್ನು ಕುರಿತದ್ದು: ವಿಮೆಯ ಮೇಲಿನ ವಸೂಲಿ ತೆಗೆದು ಆಸ್ತಿಯ ಮೇಲೆ ಹಾಕಿ. 2013ರ ಜುಲೈ 1ರಂದು ಅದು ಜಾರಿಗೆ ಬಂತು. ಮನೆಗೆ 100 ಡಾಲರ್, ಇತರ ಕಟ್ಟಡಕ್ಕೆ 200 ಡಾಲರ್ ಸ್ಥಿರ ಮೊತ್ತ; ಮೇಲೆ ಆಸ್ತಿಯ ಬೆಲೆಗೆ ತಕ್ಕಷ್ಟು. ಪುರಸಭೆಯ ಕಂದಾಯದ ಚೀಟಿಯಲ್ಲೇ ವಸೂಲಿ. ಪಿಂಚಣಿದಾರರಿಗೆ ರಿಯಾಯಿತಿ.

ಒಂದು ಜಾಣ ಕೆಲಸವನ್ನೂ ಆ ಸರ್ಕಾರ ಮಾಡಿತು. ಶುಲ್ಕ ಹೋದರೂ ಕಂಪನಿಗಳು ಪ್ರೀಮಿಯಂ ಇಳಿಸದೆ ಆ ಹಣವನ್ನು ತಾವೇ ಇಟ್ಟುಕೊಂಡರೆ? ಗಿರಾಕಿಗೆ ಎರಡು ಕಡೆಯೂ ಹೊಡೆತ. ಇದನ್ನು ತಡೆಯಲು ಸ್ಪರ್ಧಾ ಕಾನೂನಿನ ತಜ್ಞ ಪ್ರೊಫೆಸರ್ ಆಲನ್ ಫೆಲ್ಸ್ ಅವರನ್ನು ಉಸ್ತುವಾರಿಗೆ ನೇಮಿಸಿ, ದರಗಳ ಮೇಲೆ ಕಣ್ಣಿಡುವ ಅಧಿಕಾರ ಕೊಟ್ಟಿತು. ಶುಲ್ಕ ರದ್ದು ಮಾಡುವುದೆಂದರೆ ಕಾಯಿದೆಯ ಒಂದು ಸಾಲು ಹೊಡೆದುಹಾಕುವುದಷ್ಟೇ ಅಲ್ಲ. ಆ ಸಾಲಿನಲ್ಲಿದ್ದ ಹಣ ಯಾರ ಕೈಗೆ ಸೇರಿತು ಎಂದು ನೋಡುವುದೂ ಹೌದು.

ತೆಗೆಯಲು ಹೋದವರ ಪಾಡು

ಮೆಲ್ಬರ್ನಿನಲ್ಲಿ ಆದದ್ದು ಸಿಡ್ನಿಯಲ್ಲಿ ಸುಲಭವಾಗಿ ಆಗಲಿಲ್ಲ. ಕನ್ನಡಿಗರೂ ಸೇರಿದಂತೆ ಸಾವಿರಾರು ಭಾರತೀಯ ಕುಟುಂಬಗಳು ಮನೆ ಮಾಡಿಕೊಂಡಿರುವ ಆ ರಾಜ್ಯದಲ್ಲಿ, 2017ರ ಜುಲೈ 1ರಿಂದ ವಿಮೆಯ ಮೇಲಿನ ಶುಲ್ಕ ಹೋಗುತ್ತದೆ ಎಂದು ಸರ್ಕಾರ ಘೋಷಿಸಿತ್ತು. ಶಾಸನಸಭೆ ಕಾಯಿದೆಯನ್ನೂ ಮಾಡಿತು. ಪುರಸಭೆಗಳು ಹೊಸ ಚೀಟಿಗಳ ಲೆಕ್ಕ ಹಾಕತೊಡಗಿದಾಗ ನಿಜಸ್ಥಿತಿ ಹೊರಬಿತ್ತು. ಕೆಲವು ಸಣ್ಣ ಉದ್ದಿಮೆಗಳಿಗೂ ಅಂಗಡಿಗಳಿಗೂ ಹೊಸ ಪದ್ಧತಿಯಲ್ಲಿ ಹಿಂದಿಗಿಂತ ಬಹಳ ಹೆಚ್ಚು ಬೀಳುತ್ತಿತ್ತು. ಕೂಗು ಎದ್ದಿತು. ಜಾರಿಗೆ ಒಂದು ತಿಂಗಳಿರುವಾಗ, ಮೇ 30ರಂದು, ಪ್ರೀಮಿಯರ್ ಗ್ಲಾಡಿಸ್ ಬೆರೆಜಿಕ್ಲಿಯನ್ ಅದನ್ನು ಮುಂದೂಡಿದರು. ಹಳೆಯ ಶುಲ್ಕವೇ ಮುಂದುವರಿಯಿತು. 2023ರ ನವೆಂಬರ್‌ನಲ್ಲಿ ಬೇರೆ ಪಕ್ಷದ ಸರ್ಕಾರ, ಶುಲ್ಕ ತೆಗೆಯುತ್ತೇವೆ, ಆದರೆ ಮೊದಲು ಎಲ್ಲರ ಅಭಿಪ್ರಾಯ ಕೇಳುತ್ತೇವೆ ಎಂದು ಮತ್ತೆ ಆರಂಭದಿಂದ ಹೊರಟಿತು.

ಇಲ್ಲಿ ಒಂದು ಪಾಠವಿದೆ. ಹಳೆಯ ಶುಲ್ಕದ ಭಾರ ಲಕ್ಷಾಂತರ ಪಾಲಿಸಿಗಳಲ್ಲಿ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ತೆಗೆದರೆ ಆಗುವ ಉಪಕಾರವೂ ಅಷ್ಟೇ ಚದುರಿದ್ದು. ಅದರ ಬದಲಿಗೆ ಬರುವ ಹೊಸ ತೆರಿಗೆ ಮಾತ್ರ ಹೆಸರು ವಿಳಾಸ ಸಮೇತ ಮನೆ ಬಾಗಿಲಿಗೆ ಬರುತ್ತದೆ. ಹತ್ತು ಡಾಲರ್ ಉಳಿದವನು ಮೆರವಣಿಗೆ ಹೊರಡುವುದಿಲ್ಲ. ಸಾವಿರ ಡಾಲರ್ ಹೆಚ್ಚಾದವನು ಹೊರಡುತ್ತಾನೆ. ಅವನ ದೂರನ್ನು ಸುಳ್ಳೆನ್ನಲೂ ಆಗದು. ಬೆಲೆಬಾಳುವ ಜಾಗದಲ್ಲಿ ಹಳೆಯ ಮನೆಯಿದ್ದು, ಕೈಯಲ್ಲಿ ಪಿಂಚಣಿ ಬಿಟ್ಟು ಬೇರೆ ಆದಾಯವಿಲ್ಲದ ಮುದುಕರಿಗೆ ಆಸ್ತಿ ತೆರಿಗೆ ಹಗುರವಲ್ಲ. ವಿಮೆಯ ಮೇಲಿನ ಶುಲ್ಕಕ್ಕಿಂತ ಆಸ್ತಿಯ ಮೇಲಿನದು ಹೆಚ್ಚು ನ್ಯಾಯ ಎಂದರೆ, ಎಲ್ಲರಿಗೂ ಸಮಾಧಾನ ಎಂದಲ್ಲ.

ಹೊಸ ಶುಲ್ಕಕ್ಕೂ ಹಳೆಯದರ ಗುಣ ಬರಬಹುದು. 2025ರ ಜುಲೈ 1ರಂದು ವಿಕ್ಟೋರಿಯ ತನ್ನ ಆಸ್ತಿ ಶುಲ್ಕವನ್ನು ತುರ್ತು ಸೇವೆಗಳ ನಿಧಿಯಾಗಿ ಬದಲಿಸಿ ವ್ಯಾಪ್ತಿ ಹಿಗ್ಗಿಸಿತು, ದರ ಏರಿಸಿತು. ಬರದಿಂದ ಕಂಗೆಟ್ಟಿದ್ದ ರೈತರು ಬೀದಿಗಿಳಿದರು. ಅವರಿಗೆ ಏರಿಕೆಯನ್ನು ಒಂದು ವರ್ಷ ತಡೆಹಿಡಿಯಬೇಕಾಯಿತು. ಬೇಲಿ ಬದಲಾಯಿಸಿದ ಮಾತ್ರಕ್ಕೆ ಕಾವಲು ಬೇಡವೆನ್ನಲಾಗದು.

ಶುಲ್ಕವನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ಬೆಂಕಿ ಆರಿಸಿದರೆ ಕಂಪನಿಗೆ ಲಾಭ ಎಂಬ ಅವರ ಹಳೆಯ ವಾದ ಇಂದಿಗೂ ಅರ್ಧ ನಿಜ. ಆದರೆ ಬೆಂಕಿ ಕಡಿಮೆಯಾದರೆ ಕಾಲಕ್ರಮದಲ್ಲಿ ಪ್ರೀಮಿಯಂ ಇಳಿದು ಲಾಭ ಪಾಲಿಸಿದಾರರಿಗೇ ಹಂಚಿಹೋಗುತ್ತದೆ. ವಿಮೆ ಇಲ್ಲದವನ ಮನೆ ಉಳಿದ ಲಾಭವಂತೂ ಪೂರ್ತಿ ಅವನದೇ. ಕೆಲವೇ ಕಂಪನಿಗಳಿಂದ ವಸೂಲು ಮಾಡುವುದು ಸುಲಭ ಎಂಬ ಇನ್ನೊಂದು ವಾದ ಪೂರ್ತಿ ನಿಜ. ಸುಲಭವಾಗಿರುವುದರಿಂದಲೇ ಅದು ಅಷ್ಟು ವರ್ಷ ಬದುಕಿದ್ದು.

ನಮ್ಮ ಪಾಲಿಸಿಯ ಹಾಳೆ

ಈ ಕಥೆ ಪರದೇಶದ್ದು ಎಂದು ಪಕ್ಕಕ್ಕಿಡುವಂತಿಲ್ಲ. ನಮ್ಮಲ್ಲಿ ಅಗ್ನಿಶಾಮಕ ದಳದ ಖರ್ಚು ರಾಜ್ಯ ಸರ್ಕಾರಗಳದು. ವಿಮಾ ಕಂಪನಿಗಳಿಂದ ಅದಕ್ಕೆ ಪಾಲು ಕೀಳುವ ಪದ್ಧತಿ ಬೆಳೆಯಲಿಲ್ಲ. ಆದರೆ ವಿಮೆಯನ್ನು ತೆರಿಗೆಯ ಸುಲಭದ ಬಾಗಿಲಾಗಿ ನೋಡುವುದು ಇಲ್ಲೂ ನಡೆದಿದೆ. 1994ರ ಜುಲೈ 1ರಂದು ಭಾರತದಲ್ಲಿ ಸೇವಾ ತೆರಿಗೆ ಎಂಬುದು ಮೊದಲ ಬಾರಿಗೆ ಬಂದಾಗ ಅದಕ್ಕೆ ಒಳಪಟ್ಟದ್ದು ಮೂರೇ ಸೇವೆಗಳು: ಟೆಲಿಫೋನ್, ಷೇರು ದಲ್ಲಾಳಿ ಮತ್ತು ಸಾಮಾನ್ಯ ವಿಮೆ. ದರ ಶೇಕಡಾ 5. ವಿಚಿತ್ರವೆಂದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟನ್ ಕೂಡ ವಿಮಾ ಪ್ರೀಮಿಯಂ ಮೇಲೆ ಶೇಕಡಾ ಎರಡೂವರೆಯ ಹೊಸ ತೆರಿಗೆ ಹಾಕಿತು. ರಾಬರ್ಟ್ ಲೋ ಸುಂಕ ಕಿತ್ತುಹಾಕಿ ಆಗ ಸರಿಯಾಗಿ 125 ವರ್ಷ. ಬ್ರಿಟನ್ನಿನ ಆ ತೆರಿಗೆಯ ಸಾಮಾನ್ಯ ದರ 2017ರಲ್ಲಿ ಶೇಕಡಾ 12ಕ್ಕೆ ತಲುಪಿತು. ನಮ್ಮದು, ಅದೇ ವರ್ಷ ಜುಲೈನಲ್ಲಿ ಬಂದ ಜಿಎಸ್‌ಟಿಯಲ್ಲಿ, ಶೇಕಡಾ 18.

ಆರೋಗ್ಯ ವಿಮೆಗೆ ವರ್ಷಕ್ಕೆ 20,000 ರೂಪಾಯಿ ಕಟ್ಟುವ ಕುಟುಂಬ ಮೇಲೆ 3,600 ರೂಪಾಯಿ ತೆರಿಗೆ ಕೊಡಬೇಕಿತ್ತು. ವಯಸ್ಸು ಏರಿದಂತೆ ಪ್ರೀಮಿಯಂ ಏರುತ್ತದೆ, ಅದರೊಂದಿಗೆ ತೆರಿಗೆಯೂ. ಆಸ್ಪತ್ರೆಯ ಖರ್ಚಿಗೆ ಹೆದರಿ ಮುಂದಾಗಿ ವಿಮೆ ಮಾಡಿಸಿದವರಲ್ಲಿ ಹೆಚ್ಚು ಕೊಟ್ಟವರು ಮುದುಕರು. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಗಳ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆಯಲು ತೀರ್ಮಾನಿಸಿತು. ಅದು ಸೆಪ್ಟೆಂಬರ್ 22ರಿಂದ ಜಾರಿಯಾಯಿತು. ನೌಕರರಿಗೆ ಕಂಪನಿಗಳು ಮಾಡಿಸುವ ಗುಂಪು ವಿಮೆಗೂ, ಮನೆ ಅಂಗಡಿಗಳ ಬೆಂಕಿ ವಿಮೆಗೂ ಆ ವಿನಾಯಿತಿ ಸಿಗಲಿಲ್ಲ.

ಇಲ್ಲೂ ಮೆಲ್ಬರ್ನಿನ ಪ್ರಶ್ನೆ ಎದ್ದಿತು. ಕಚೇರಿಯ ಬಾಡಿಗೆ, ಕಂಪ್ಯೂಟರ್ ಸೇವೆ ಮೊದಲಾದವುಗಳ ಮೇಲೆ ವಿಮಾ ಕಂಪನಿ ತಾನೂ ಜಿಎಸ್‌ಟಿ ಕೊಟ್ಟಿರುತ್ತದೆ. ಹಿಂದೆ ಅದನ್ನು, ಗಿರಾಕಿಯಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಿತ್ತು. ಪಾಲಿಸಿಯ ಮೇಲೆ ತೆರಿಗೆಯೇ ಇಲ್ಲವಾದಾಗ ವಜಾ ಮಾಡಿಕೊಳ್ಳಲು ದಾರಿಯಿಲ್ಲ. ಅದು ಕಂಪನಿಯ ಖರ್ಚಾಗುತ್ತದೆ. ಆ ಖರ್ಚು ಮೂಲ ಪ್ರೀಮಿಯಂಗೆ ಸೇರಿದರೆ ಗಿರಾಕಿಗೆ ಸಿಗುವುದು ಪೂರ್ತಿ 18 ಅಲ್ಲ. ಪಾಲಿಸಿ ನವೀಕರಿಸುವಾಗ ತೆರಿಗೆಯ ಸಾಲು ಸೊನ್ನೆ ಎಂದು ಸಂತೋಷಪಟ್ಟರೆ ಸಾಲದು. ಹಿಂದಿನ ವರ್ಷದ ಹಾಳೆಯನ್ನು ಪಕ್ಕದಲ್ಲಿಟ್ಟು ಮೂಲ ಪ್ರೀಮಿಯಂ ಎಷ್ಟಿತ್ತು, ಈಗ ಎಷ್ಟಾಗಿದೆ, ವಯಸ್ಸಿನಿಂದ ಏರಿದ್ದೆಷ್ಟು ಎಂದು ನೋಡಬೇಕು.

ವಿಮೆಯ ಮೇಲೆ ತೆರಿಗೆಯೇ ಇರಬಾರದು ಎಂಬುದು ಈ ಕಥೆಯ ಸಾರವಲ್ಲ. ರಸ್ತೆಗೆ, ಆಸ್ಪತ್ರೆಗೆ, ಅಗ್ನಿಶಾಮಕ ದಳಕ್ಕೆ ಹಣ ಎಲ್ಲಿಂದಲೋ ಬರಲೇಬೇಕು. ಆದರೆ ಯಾವ ಶುಲ್ಕವನ್ನೇ ಆಗಲಿ ಆಗಾಗ ಮೂರು ಮಾತು ಕೇಳಬೇಕು. ನೀನು ಹುಟ್ಟಿದ ಕಾರಣ ಇನ್ನೂ ಇದೆಯೇ? ನಿನ್ನನ್ನು ತೆರುವವರು ನಿಜಕ್ಕೂ ಯಾರು? ನೀನು ಹೋದರೆ ಆ ಹಣ ಯಾರಿಂದ ಬರುತ್ತದೆ? ಬ್ರಿಟನ್ನಿನವರು ಮೊದಲನೆಯದನ್ನು ಕೇಳಲು 87 ವರ್ಷ ತೆಗೆದುಕೊಂಡರು. ವಿಕ್ಟೋರಿಯದವರಿಗೆ ಎರಡನೆಯದು ಗಟ್ಟಿಯಾಗಿ ಕೇಳಿಸಲು ಒಂದು ಕಪ್ಪು ಶನಿವಾರ ಬೇಕಾಯಿತು. ಸಿಡ್ನಿಯವರು ಮೂರನೆಯದಕ್ಕೆ ಉತ್ತರ ಸಿದ್ಧವಿಲ್ಲದೆ ಹೊರಟು ಹಿಂದಿರುಗಿದರು.

ಮೂರನ್ನೂ ಒಟ್ಟಿಗೆ ಕೇಳಿದ ಕಡೆ ಹಳತಾದ ಶುಲ್ಕ ಹೋಗುತ್ತದೆ, ಅದರ ಭಾರ ಇನ್ನೊಬ್ಬ ಬಡಪಾಯಿಯ ಮೇಲೆ ಕವುಚಿ ಬೀಳುವುದೂ ತಪ್ಪುತ್ತದೆ. ಕೇಳದ ಕಡೆ ಎಚ್ಚರದಿಂದ ಇದ್ದವನೇ ಎಲ್ಲರ ಪಾಲನ್ನೂ ತೆರುತ್ತಿರುತ್ತಾನೆ.